ಎಣ್ಣೆ ಕುಡಿಯದ ಎಂಜಿನ್

"ಬಲಕ್ಕೆ ಬೇಡ ಸಾರ್, ಬಲಕ್ಕೆ ಬೇಡ!" ಎಂದು ಟೈಲರಮ್ಮ ಕೂಗುವಷ್ಟರಲ್ಲಿ ವಿಮಾನ ನೆಲಕ್ಕೆ ಮೂಗು ಕೊಟ್ಟಾಗಿತ್ತು.

ಕಂಪ್ಯೂಟರಿನ ಪರದೆ ತುಂಬ ಹೊಗೆ. ಒಂದು ಚಕ್ರ ಮಾತ್ರ ಯಾರ ಹಂಗೂ ಇಲ್ಲದೆ ಹುಲ್ಲಿನ ಮೇಲೆ ಉರುಳಿಕೊಂಡು ಹೋಗುತ್ತಿತ್ತು.

ಭೂತಗನ್ನಡಿ ಸಾಹೇಬರು ಜಾಯ್‌ಸ್ಟಿಕ್ಕಿನಿಂದ ಕೈ ತೆಗೆದರು. "ಎಷ್ಟನೇ ಸಲ ಇದು?"

"ನಾಲ್ಕು. ನೀವು ಹೀಗೆ ಸಾಯ್ತಾ ಕೂತರೆ ಐದು ಗಂಟೆ ಆಗಿಹೋಗುತ್ತೆ."

ಹೇಳಿದ ಮೇಲೆ ಆಕೆಗೇ ಮಾತು ಚುಚ್ಚಿತು. ಇದೇ ವಿಮಾನದ ನಿಜರೂಪದಲ್ಲಿ ಆಕೆಯ ಒಡಹುಟ್ಟಿದ ತಮ್ಮ ಸತ್ತು ಒಂಬತ್ತು ದಿನವಾಗಿತ್ತು. ಆ ವಿಮಾನದ ಎಂಜಿನ್ ಮಾಡಿದ ಆಕೆಯ ಗಂಡ, ಟರ್ನರ್, ಏಳು ದಿನದಿಂದ ಲಾಕಪ್ಪಿನಲ್ಲಿದ್ದ. ಸಂಜೆ ಐದಕ್ಕೆ ವಿಚಾರಣಾ ಮಂಡಳಿ ಸೇರಿ ವರದಿಗೆ ಸಹಿ ಹಾಕಿದರೆ ಅವನ ಕಥೆ ಮುಗಿಯಿತು.

ಭೂತಗನ್ನಡಿ ಮಂಡಳಿಯ ತನಿಖಾಧಿಕಾರಿ. ಆ ಹೆಸರು ಇಟ್ಟವರು ಕಚೇರಿಯವರೇ. ಕನ್ನಡಕದ ಗಾಜು ಅಷ್ಟು ದಪ್ಪ. ಈ ಕೆಲಸಕ್ಕೆ ಬರುವ ಮುಂಚೆ ಇಪ್ಪತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಕೆಟ್ಟದ್ದನ್ನು ಬಿಚ್ಚಿದರೆ ಸಾಲದು, ಮತ್ತೆ ಜೋಡಿಸಿ ಹಾಡಿಸಿದರೇನೇ ಕೆಟ್ಟದ್ದು ಯಾಕೆ ಅಂತ ಗೊತ್ತಾಗೋದು ಎನ್ನುವುದು ಅವರ ಹಠ. ಅದಕ್ಕೇ ಬೆಳಿಗ್ಗೆಯಿಂದ ಕಚೇರಿಯ ಹಿಂದಿನ ಕೋಣೆಯಲ್ಲಿ ಟರ್ನರ್‌ನ ನಕ್ಷೆಗಳನ್ನು ಹರಡಿಕೊಂಡು, ಕಂಪ್ಯೂಟರಿನಲ್ಲೇ ವಿಮಾನ ಹಾರಿಸಿ ನೋಡುವ ಸಿಮ್ಯುಲೇಟರಿನಲ್ಲಿ ಆ ವಿಮಾನವನ್ನು ಮೊದಲಿನಿಂದ ಕಟ್ಟಿಸಿದ್ದರು. ಕಟ್ಟಿದವಳು ಟೈಲರಮ್ಮ.

ಬೇರೆ ಯಾರಿಗೂ ಅದು ಬರುತ್ತಲೂ ಇರಲಿಲ್ಲ. ಮೂವತ್ತೆಂಟು ವರ್ಷ ಲೇಥ್ ಮುಂದೆ ನಿಂತು ಟರ್ನರ್‌ನ ಬೆರಳುಗಳು ಕೊರಡಾಗಿದ್ದವು. ಮೌಸ್ ಹಿಡಿದರೆ ಬಾಣದ ಗುರುತು ಪರದೆಯ ಮೂಲೆಗೆ ಓಡಿಹೋಗುತ್ತಿತ್ತು. ಹಾಗಾಗಿ ಮನೆಯ ಊಟದ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಎರಡು ವರ್ಷ ಅವನು ಹೇಳಿದ, ಇವಳು ಮಾಡಿದಳು.

"ಅವರು ಬಾಯಿ, ನಾನು ಕೈ," ಎಂದಿದ್ದಳು ಬೆಳಿಗ್ಗೆ. "ಈಗ ಆ ಬಾಯಿ ಮುಚ್ಚಿಕೊಂಡು ಕೂತಿದೆ ನೋಡಿ. ಕೇಳಿದ್ರೆ ಒಂದೇ ಮಾತು, ಎಣ್ಣೆ ಪಂಪ್ ನಾನೇ ಬದಲಾಯಿಸಿದೆ, ತಪ್ಪು ನನ್ನದೇ ಅಂತ. ಆ ಬೆರಳಲ್ಲಿ ಅಂಗಿ ಗುಂಡಿ ಹಾಕ್ಕೊಳ್ಳೋಕೆ ಆಗಲ್ಲ ಸಾರ್, ಪಂಪ್ ಬಿಚ್ಚಿದ್ರಂತೆ! ಅದರ ಒಂದೊಂದು ಬೋಲ್ಟೂ ಬಿಗಿದವಳು ನಾನು."

ಆದರೆ ಬಾಯಿಮಾತನ್ನು ಮಂಡಳಿ ಕೇಳುವುದಿಲ್ಲ. ಪಂಪ್ ವಿಮಾನ ಬಿದ್ದ ಕೆರೆಯ ಕೆಸರಿನಲ್ಲಿ ಹೂತುಹೋಗಿತ್ತು. ಉಳಿದದ್ದು ಎರಡೇ: ಟರ್ನರ್‌ನ ತಪ್ಪೊಪ್ಪಿಗೆ, ಮತ್ತೆ ವಿಮಾನ ಕ್ಲಬ್ಬಿನ ಕಾರ್ಯದರ್ಶಿಯ ಹೇಳಿಕೆ. ತಾನೇ ಮೂರು ಸಲ ಆ ವಿಮಾನವನ್ನು ಹಾರಿಸಿ ಪರೀಕ್ಷೆ ಮಾಡಿದ್ದೆ, ಒಟ್ಟು ಐದು ಗಂಟೆ ಹಾರಿದಾಗಲೂ ಎಂಜಿನ್ ಚಿನ್ನದಂತೆ ಓಡಿತ್ತು, ಟರ್ನರ್ ಆಮೇಲೆ ಕೈ ಹಾಕಿದ್ದರಿಂದಲೇ ಕೆಟ್ಟಿತು ಎಂದು ಆತ ಬರೆದುಕೊಟ್ಟಿದ್ದ. ಜೊತೆಗೆ ಅಂಕಿಅಂಶದ ಹಾಳೆಗಳು ಬೇರೆ.

"ಸರಿ, ಐದನೇ ಸಲ," ಎಂದರು ಭೂತಗನ್ನಡಿ. "ಬಲಕ್ಕೆ ತಿರುಗಿಸಿದರೆ ಯಾಕಮ್ಮ ಮೂಗು ಬಗ್ಗಿಸುತ್ತೆ ಇದು? ಮುನಿಸಿಕೊಂಡ ಸೊಸೆ ಹಾಗೆ?"

"ಎಂಜಿನ್ನೇ ತಿರುಗುತ್ತಲ್ಲ ಸಾರ್."

ಅದೇ ಟರ್ನರ್‌ನ ಹುಚ್ಚು. ಬೇರೆ ವಿಮಾನಗಳಲ್ಲಿ ಎಂಜಿನ್ ನಿಂತಲ್ಲೇ ನಿಂತಿರುತ್ತದೆ, ಅದರ ನಡುವಿನ ದಂಡ ತಿರುಗಿ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಇವನು ನೂರು ವರ್ಷದ ಹಿಂದಿನವರು ಮಾಡುತ್ತಿದ್ದ ಹಾಗೆ ದಂಡವನ್ನು ವಿಮಾನದ ಮೂಗಿಗೆ ಬಿಗಿದು, ಏಳು ಸಿಲಿಂಡರುಗಳ ಎಂಜಿನ್ನನ್ನೇ ಪ್ರೊಪೆಲ್ಲರಿನ ಜೊತೆ ಗಿರಗಿರ ತಿರುಗಲು ಬಿಟ್ಟಿದ್ದ. ಆ ಸದ್ದು ಕೇಳಿ ಮನೆಯವರೇ ವಿಮಾನಕ್ಕೆ ಜೀರುಂಡೆ ಎಂದು ಹೆಸರಿಟ್ಟಿದ್ದರು.

"ಬೀಸೋ ಕಲ್ಲು ತಿರುಗೋ ಬದಲು ಮನೇನೇ ತಿರುಗಿದ ಹಾಗೆ," ಎಂದಳು ಟೈಲರಮ್ಮ. "ತಿರುಗೋ ಬುಗುರೀನ ಒಂದು ಕಡೆ ತಳ್ಳಿ, ಇನ್ನೊಂದು ಕಡೆ ವಾಲುತ್ತೆ. ಇದೂ ಅಷ್ಟೇ. ಬಲಕ್ಕೆ ತಿರುಗಿಸಿದ್ರೆ ಮೂಗು ಕೆಳಗೆ, ಎಡಕ್ಕೆ ತಿರುಗಿಸಿದ್ರೆ ಮೇಲೆ. ಪಳಗಿದವರು ಕಾಲಲ್ಲಿ ಒತ್ತಿ ಹಿಡೀತಾರೆ. ನನಗೆ ಮೊದಮೊದಲು ಆಗ್ತಿರಲಿಲ್ಲ. ಎಡಕ್ಕೇ ತಿರುಗಿಸ್ತಿದ್ದೆ. ಬಲಕ್ಕೆ ಹೋಗಬೇಕು ಅಂದ್ರೂ ಎಡಗಡೆಯಿಂದ ಮುಕ್ಕಾಲು ಸುತ್ತು ಹಾಕ್ಕೊಂಡು ಹೋಗ್ತಿದ್ದೆ."

ಭೂತಗನ್ನಡಿ ಎಡಕ್ಕೆ ತಿರುಗಿಸಿದರು. ಜೀರುಂಡೆ ಹಿತವಾಗಿ ಮೇಲೇರಿತು. ಅವರ ಮುಖ ಅರಳಿತು. ಆದರೆ ಗೋಡೆಯ ಗಡಿಯಾರ ಎರಡೂಕಾಲು ತೋರಿಸುತ್ತಿತ್ತು.

"ಆಟ ಸಾಕು. ಈಗ ವರದಿಯಲ್ಲಿ ಹೇಳಿದ ಹಾಗೆ ಎಣ್ಣೆ ಪಂಪನ್ನು ಚಿಕ್ಕದು ಮಾಡಿ. ಆ ದಿನದ ಹಾಗೆ ಹನ್ನೊಂದು ನಿಮಿಷಕ್ಕೆ ಎಂಜಿನ್ ಹಿಡಿದುಕೊಂಡು ನಿಲ್ಲುತ್ತಾ ನೋಡೋಣ."

ಟೈಲರಮ್ಮ ಮೌಸ್ ಆಡಿಸಿದಳು. ಸಿಲಿಂಡರಿನ ಅಗಲ ಬಂತು, ಉದ್ದ ಬಂತು, ಪ್ರೊಪೆಲ್ಲರಿನ ಓರೆ ಬಂತು, ಪೆಟ್ರೋಲ್ ಟ್ಯಾಂಕ್ ಬಂತು. ಪಟ್ಟಿ ಮುಗಿಯಿತು.

"ಪಂಪ್ ಇಲ್ಲ ಸಾರ್."

"ಹಾಗಾದ್ರೆ ಎಣ್ಣೆ ಎಲ್ಲಿ ತುಂಬೋದು?"

"ಇದರಲ್ಲಿ ಎಣ್ಣೆಗೆ ಜಾಗಾನೇ ಇಲ್ಲ. ಇದಕ್ಕೆ ಪೆಟ್ರೋಲ್ ಒಂದೇ ಗೊತ್ತು." ಆಕೆ ತಿರುಗಿ ಕುಳಿತಳು. "ನಿಜವಾದ್ದು ಎಣ್ಣೆ ಕುಡಿಯೋದು ನೀವು ನೋಡಬೇಕಿತ್ತು! ಗಂಟೆಗೆ ನಾಲ್ಕು ಲೀಟರ್ ಹರಳೆಣ್ಣೆ."

"ಹರಳೆಣ್ಣೆ? ಹೊಟ್ಟೆ ಕಟ್ಟಿದ್ರೆ ಕುಡಿಸ್ತಾರಲ್ಲ, ಅದಾ?"

"ಅದೇ. ಈ ಎಂಜಿನ್ ಎಣ್ಣೇನ ಇಟ್ಕೊಳ್ಳಲ್ಲ ಸಾರ್. ಒಂದು ಕಡೆ ಕುಡಿಯುತ್ತೆ, ತಿರುಗ್ತಾ ತಿರುಗ್ತಾ ಎಲ್ಲಾ ಕಡೆ ಉಗಿಯುತ್ತೆ. ಒಂದ್ಸಲ ನೆಲದ ಮೇಲೆ ಕಟ್ಟಿಹಾಕಿ ಅರ್ಧ ಗಂಟೆ ಓಡಿಸಿದ್ವಿ. ಹಿಂದೆ ಕೂತಿದ್ದ ನಮ್ಮವರ ಮುಖ, ಮೀಸೆ, ಅಂಗಿ, ಎಲ್ಲಾ ಎಣ್ಣೆ. ಮೂಗು ಬಾಯಿ ಒಳಗೂ ಹೋಗಿತ್ತು. ಆಮೇಲೆ ಎರಡು ದಿನ ಮನುಷ್ಯ ಬಚ್ಚಲುಮನೆ ಬಿಟ್ಟು ಈಚೆ ಬಂದಿದ್ರೆ ಕೇಳಿ!"

ಆಕೆ ನಕ್ಕಳು. ಒಂಬತ್ತು ದಿನದಲ್ಲಿ ಮೊದಲ ನಗು. ನಕ್ಕಿದ್ದು ತಪ್ಪೇನೋ ಎಂಬಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಭೂತಗನ್ನಡಿ ಮಾತ್ರ ನಗಲಿಲ್ಲ. ಕಪಾಟಿನಿಂದ ಕಡತ ತೆಗೆದು, ಕಾರ್ಯದರ್ಶಿ ತುಂಬಿಕೊಟ್ಟಿದ್ದ ಪರೀಕ್ಷಾ ಹಾರಾಟದ ನಮೂನೆಯನ್ನು ಕಣ್ಣಿನ ಹತ್ತಿರ ಹಿಡಿದರು. ಪೆಟ್ರೋಲ್, ಹಾರುವ ಮುಂಚೆ ಐವತ್ತು ಲೀಟರ್. ಇಳಿದ ಮೇಲೆ ಹದಿನೈದು. ಎಣ್ಣೆ, ಹಾರುವ ಮುಂಚೆ ಹನ್ನೆರಡು ಲೀಟರ್.

ಇಳಿದ ಮೇಲೆ, ಹನ್ನೆರಡು ಲೀಟರ್.

ಮೂರು ಹಾರಾಟಕ್ಕೂ ಹಾಗೇ. ಈ ಹಾಳೆಯನ್ನು ಒಂದು ವಾರದಲ್ಲಿ ಇಪ್ಪತ್ತು ಸಲವಾದರೂ ಓದಿದ್ದರು.

"ಇಷ್ಟು ದಪ್ಪ ಗಾಜು ಹಾಕ್ಕೊಂಡು ಏನು ಪ್ರಯೋಜನ," ಎಂದು ತಮ್ಮನ್ನೇ ಬೈದುಕೊಂಡರು. "ಕಾರ್ ಓಡಿಸೋ ಮನುಷ್ಯ ಬರೆದದ್ದು ಇದು. ಕಾರಿನಲ್ಲಿ ಹಾಕಿದ ಎಣ್ಣೆ ಹಾಕಿದಷ್ಟೇ ಇರುತ್ತಲ್ಲ. ಏಳಿ ಅಮ್ಮಾ, ಚಪ್ಪಲಿ ಹಾಕ್ಕೊಳ್ಳಿ."

ಕ್ಲಬ್ಬು ರನ್‌ವೇಯ ತುದಿಯಲ್ಲಿತ್ತು. ಕಾರ್ಯದರ್ಶಿಯ ಕೋಣೆಯಲ್ಲಿ ಕೂದಲೆಳೆಯಷ್ಟು ಧೂಳಿಲ್ಲ. ಮೇಜಿನ ಗಾಜಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಅವನು ಆಗಾಗ ನೋಡಿಕೊಳ್ಳುತ್ತಲೂ ಇದ್ದ.

"ಬನ್ನಿ ಸಾರ್. ಓ, ಅಮ್ಮಾವ್ರೂ ಬಂದಿದ್ದೀರಾ." ದನಿ ಒಂದು ಮೆಟ್ಟಿಲು ಇಳಿಯಿತು. "ನಿಮ್ಮ ತಮ್ಮ ನಮ್ಮ ಕ್ಲಬ್ಬಿನ ಕಣ್ಮಣಿ. ಏನು ಹೇಳಲಿ."

"ಏನೂ ಹೇಳಬೇಡಿ. ಸಾರ್ ಕೇಳಿದ್ದಕ್ಕೆ ಉತ್ತರ ಕೊಡಿ, ಸಾಕು," ಎಂದಳು ಟೈಲರಮ್ಮ.

ಭೂತಗನ್ನಡಿ ಕುರ್ಚಿ ಎಳೆದುಕೊಂಡು, ಮದುವೆ ಮಾತುಕತೆಗೆ ಬಂದವರಂತೆ ಆರಾಮಾಗಿ ಕುಳಿತರು. "ಚಿಕ್ಕ ಚಿಕ್ಕ ಪ್ರಶ್ನೆ. ಮೂರು ಸಲ ಹಾರಿಸಿದ್ರಿ ಅಲ್ವಾ? ಹೇಗಿತ್ತು?"

"ಅದ್ಭುತ ಸಾರ್. ಬೆಣ್ಣೆ ಹಾಗೆ."

"ಇಳಿದ ಮೇಲೆ ಹೊಟ್ಟೆ ಹೇಗಿತ್ತು?"

"ಹೊಟ್ಟೆ?"

"ಹೊಟ್ಟೆ. ಓಡಬೇಕಾಗಿ ಬರಲಿಲ್ವಾ?"

"ಎಲ್ಲಿಗೆ ಸಾರ್?"

ಟೈಲರಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಹೋಗಲಿ. ಏನು ಹಾಕ್ಕೊಂಡು ಹಾರಿಸಿದ್ರಿ?"

ಕಾರ್ಯದರ್ಶಿ ಹೆಮ್ಮೆಯಿಂದ ಕಪಾಟು ತೆರೆದ. ಹೊಳೆಯುವ ತಿಳಿ ಬೂದು ಬಣ್ಣದ ಹಾರಾಟದ ದಿರಿಸು ಹ್ಯಾಂಗರಿನಲ್ಲಿ ತೂಗುತ್ತಿತ್ತು. "ಇದನ್ನೇ. ಮೂರು ಸಲವೂ."

"ಒಗೆಸಿದ್ರಾ?"

"ಪ್ರತಿ ಸಲ."

ಟೈಲರಮ್ಮ ಅನುಮತಿ ಕೇಳಲಿಲ್ಲ. ಎದ್ದು ಹೋಗಿ ಕಾಲರನ್ನು ಎರಡು ಬೆರಳಿನ ನಡುವೆ ಹಿಡಿದು ಉಜ್ಜಿದಳು. ಒಳಗಿನ ಹೊಲಿಗೆ ತಿರುಗಿಸಿ ನೋಡಿದಳು. ಮೂಗಿನ ಹತ್ತಿರ ಹಿಡಿದಳು.

"ಸಾರ್, ಇದಕ್ಕೆ ಇನ್ನೂ ನೀರೇ ಮುಟ್ಟಿಲ್ಲ. ಮಿಲ್ಲಿನ ಗಂಜಿ ಹಾಗೇ ಇದೆ, ಬೆರಳಿಗೆ ಹತ್ತುತ್ತೆ ನೋಡಿ. ಜೀರುಂಡೆ ಎದುರಿಗೆ ಕೂತಿದ್ರೆ ಹರಳೆಣ್ಣೆ ಈ ಹೊಲಿಗೆ ಒಳಗೆಲ್ಲ ಇಳಿದಿರ್ತಿತ್ತು. ಹತ್ತು ಸಲ ಸೋಪು ಹಾಕಿದ್ರೂ ಹೋಗಲ್ಲ ಅದು. ನಮ್ಮವರ ಅಂಗಿ ನೆಲ ಒರೆಸೋಕೂ ಬರಲಿಲ್ಲ."

ಭೂತಗನ್ನಡಿ ನಮೂನೆಯನ್ನು ಮೇಜಿನ ಮೇಲೆ ಬಿಡಿಸಿ, ಎಣ್ಣೆಯ ಸಾಲಿನ ಮೇಲೆ ಬೆರಳಿಟ್ಟರು.

"ಐದು ಗಂಟೆ ಹಾರಿ ಒಂದು ತೊಟ್ಟು ಎಣ್ಣೆ ಕುಡಿಯದ ಎಂಜಿನ್. ಅಂಥದ್ದು ಒಂದೇ ಕಡೆ ಇರೋದು ಸ್ವಾಮಿ, ಸಿಮ್ಯುಲೇಟರಿನಲ್ಲಿ. ನೀವು ಜೀರುಂಡೇಲಿ ಕೂತೇ ಇಲ್ಲ. ನಾನು ಹೇಳಲಾ, ನೀವೇ ಹೇಳ್ತೀರಾ?"

ಹೊರಗೆ ಯಾವುದೋ ವಿಮಾನ ಇಳಿದು, ಓಡಿ, ನಿಂತಿತು. ಕಾರ್ಯದರ್ಶಿ ಕಪಾಟಿನ ಬಾಗಿಲು ಮುಚ್ಚಿದ.

"ಇಲ್ಲ," ಎಂದ ಕೊನೆಗೆ. "ಹಾರಿಸಿಲ್ಲ. ಯಾರೂ ಹಾರಿಸಿರಲಿಲ್ಲ. ಆ ದಿನ ಅದು ಮೊದಲ ಸಲ ನೆಲ ಬಿಟ್ಟದ್ದು. ಪರೀಕ್ಷೆ ಆಗದೇ ಬಿಟ್ಟೆ ಅಂತ ಗೊತ್ತಾದರೆ ನನ್ನ ಕುರ್ಚಿ ಹೋಗ್ತಿತ್ತು. ಆದರೆ ಸಾರ್, ಆ ಹಾಳೆಗಳಲ್ಲಿರೋ ಅಂಕಿ ನಾನು ಕಟ್ಟಿದ್ದಲ್ಲ. ಎಣ್ಣೆ ಸಾಲು ಒಂದು ನಾನು ತುಂಬಿದೆ, ಅಷ್ಟೇ."

"ಮತ್ತೆ ಯಾರದು?"

ಅವನು ಟೈಲರಮ್ಮನ ಕಡೆ ನೋಡಿ ಕಣ್ಣು ತಗ್ಗಿಸಿದ.

ಕಡತದ ಹಾಳೆಗಳನ್ನು ಹೊರಗಿನವರಿಗೆ ತೋರಿಸುವಂತಿಲ್ಲ ಎಂಬುದು ಮಂಡಳಿಯ ನಿಯಮ. ಭೂತಗನ್ನಡಿ ಇಷ್ಟು ದಿನ ಅದನ್ನು ಮುರಿದಿರಲಿಲ್ಲ. ಈಗ ಮೂರು ಹಾಳೆಯನ್ನೂ ತೆಗೆದು ಆಕೆಯ ಮುಂದೆ ಇಟ್ಟರು. ವಿಮಾನ ಎಲ್ಲೆಲ್ಲಿ ಹೋಯಿತು, ಎಲ್ಲೆಲ್ಲಿ ತಿರುಗಿತು ಎಂದು ನೀಲಿ ಗೆರೆಯಲ್ಲಿ ಅಚ್ಚಾಗಿತ್ತು.

ಟೈಲರಮ್ಮ ಹೊಲಿಗೆ ಪರೀಕ್ಷಿಸುವವಳಂತೆ ಗೆರೆಯ ಮೇಲೆ ಬೆರಳೋಡಿಸಿದಳು. ಎಡ. ಎಡ. ಮತ್ತೆ ಎಡ. ಬಲಕ್ಕೆ ಹೋಗಬೇಕಾದ ಕಡೆ ಎಡದಿಂದ ಮುಕ್ಕಾಲು ಸುತ್ತು. ಮೂರು ಹಾಳೆಯಲ್ಲೂ ಬಲಕ್ಕೆ ಒಂದೇ ಒಂದು ತಿರುವಿರಲಿಲ್ಲ. ಬೆರಳು ಒಂದು ಕಡೆ ನಿಂತಿತು. ಅಲ್ಲಿ ಗೆರೆ ಆರು ನಿಮಿಷ ಅಲುಗಾಡದೆ ನೆಟ್ಟಗೆ ಹೋಗಿತ್ತು.

"ಇಲ್ಲಿ ಬಾಗಿಲು ತಟ್ಟಿದ್ರು," ಎಂದಳು ಮೆಲ್ಲಗೆ. "ಎದುರುಮನೆಯವರು, ಕಿಟಕಿ ಪರದೆ ಹೊಲಿಯೋಕೆ ಕೊಟ್ಟಿದ್ರು, ತಗೊಳ್ಳೋಕೆ ಬಂದಿದ್ರು. ವಿಮಾನಾನ ಹಾಗೇ ಬಿಟ್ಟು ಎದ್ದು ಹೋದೆ. ಬಂದು ನೋಡಿದ್ರೆ ಪಾಪ, ನೆಟ್ಟಗೆ ಹೋಗ್ತಾನೇ ಇತ್ತು." ಆಕೆ ತಲೆಯೆತ್ತಿದಳು. "ಇದು ನಾನು ಸಾರ್. ಮೂರೂ ನನ್ನ ಹಾರಾಟವೇ. ಊಟದ ಮೇಜಿನ ಮೇಲೆ ಹಾರಿಸಿದ್ದು, ಅಚ್ಚು ಹಾಕಿ ಮನೇಲಿ ಇಟ್ಟಿದ್ದೆ. ಇವನ ಕೈಗೆ ಹೇಗೆ ಬಂತು?"

"ನಿಮ್ಮ ಯಜಮಾನರೇ ತಂದುಕೊಟ್ಟದ್ದು," ಎಂದ ಕಾರ್ಯದರ್ಶಿ. "ವಿಮಾನ ಬಿದ್ದ ಮಾರನೇ ದಿನ ಬೆಳಿಗ್ಗೆ."

"ಸುಳ್ಳು."

"ನನ್ನಾಣೆಗೂ ನಿಜ ಅಮ್ಮಾವ್ರೇ. ಕೆರೆಯಿಂದ ಎತ್ತಿದ ಎಂಜಿನ್ನನ್ನ ಹಿಂದಿನ ದಿನ ಸಂಜೆ ಅವರಿಗೆ ತೋರಿಸಿದ್ವಿ. ಒಂದು ಸಿಲಿಂಡರ್ ಒಳಗೆ ಕೈ ಹಾಕಿ, ಬೆರಳು ಮೂಸಿ ನೋಡಿದ್ರು. ಒಂದು ಮಾತಾಡಲಿಲ್ಲ, ಎದ್ದು ಹೋದ್ರು. ಬೆಳಿಗ್ಗೆ ಈ ಹಾಳೆ ಹಿಡ್ಕೊಂಡು ಬಂದು ನನಗೆ ಏನಂದ್ರು ಗೊತ್ತಾ? ಇದನ್ನ ನೀವು ಹಾರಿಸಿದ್ದು ಅಂತ ತೋರಿಸಿ, ನಿಮ್ಮ ಕುರ್ಚಿ ಉಳಿಯುತ್ತೆ. ಆಮೇಲೆ ಪಂಪ್ ನಾನು ಬದಲಾಯಿಸಿದೆ ಅಂತ ಬರೀರಿ, ನಾನು ಒಪ್ಕೋತೀನಿ. ಆದರೆ ಒಂದು ಮಾತು, ಎಣ್ಣೆ ಟ್ಯಾಂಕನ್ನ ಯಾರೂ ಬಿಚ್ಚಿ ನೋಡಬಾರದು. ಹೀಗಂದ್ರು."

ಭೂತಗನ್ನಡಿ ಕನ್ನಡಕ ತೆಗೆದು ಒರೆಸಿದರು. ಒರೆಸುವಷ್ಟೇನೂ ಕೊಳೆಯಾಗಿರಲಿಲ್ಲ. ಮುಂದಿನ ಪ್ರಶ್ನೆ ಕೇಳಲು ಮನಸ್ಸು ಬರಲಿಲ್ಲ, ಅಷ್ಟೇ. ಆದರೂ ಕೇಳಿದರು.

"ಅಮ್ಮಾ, ಆ ದಿನ ಬೆಳಿಗ್ಗೆ ಟ್ಯಾಂಕಿಗೆ ಎಣ್ಣೆ ತುಂಬಿದ್ದು ಯಾರು?"

"ನಾನು," ಎಂದಳು ಟೈಲರಮ್ಮ. "ಯಾವಾಗಲೂ ನಾನೇ."

ಹೇಳುತ್ತಿದ್ದಂತೆಯೇ ಆಕೆಗೆ ಎಲ್ಲ ಹೊಳೆಯಿತು. ಕುರ್ಚಿಯ ಬೆನ್ನು ಹಿಡಿದುಕೊಂಡಳು. ಆದರೆ ಕೂರಲಿಲ್ಲ.

"ಈ ಎಂಜಿನ್ ಹೊಟ್ಟೆಯೊಳಗೆ ಪೆಟ್ರೋಲೂ ಎಣ್ಣೆಯೂ ಒಟ್ಟಿಗೇ ಓಡಾಡುತ್ತೆ ಸಾರ್. ಹರಳೆಣ್ಣೇನ ಪೆಟ್ರೋಲ್ ಏನೂ ಮಾಡಕ್ಕಾಗಲ್ಲ. ಬೇರೆ ಎಂಜಿನ್ ಆಯಿಲ್ ಹಾಕಿದ್ರೆ ಸೋಪು ಹಾಕಿದ ಹಾಗೆ ತೊಳೆದುಬಿಡುತ್ತೆ. ಒಳಗೆಲ್ಲ ಒಣಗಿ, ಹತ್ತು ನಿಮಿಷಕ್ಕೆ ಹಿಡ್ಕೊಳ್ಳುತ್ತೆ. ನಮ್ಮವರಿಗೆ ಬೆರಳು ಮೂಸಿದ ಕೂಡಲೇ ಗೊತ್ತಾಗಿದೆ, ಟ್ಯಾಂಕಿನಲ್ಲಿದ್ದದ್ದು ಹರಳೆಣ್ಣೆ ಅಲ್ಲ ಅಂತ. ತುಂಬಿದವಳು ನಾನು. ಅಂದ್ರೆ..."

ಭೂತಗನ್ನಡಿ ನೀರಿನ ಲೋಟ ಸರಿಸಿದರು. ಆಕೆ ಮುಟ್ಟಲಿಲ್ಲ.

"ಅಂದ್ರೆ ತಮ್ಮನ್ನ ನಾನೇ ಕೈಯಾರೆ ಕೊಂದೆ ಅಂದ್ಕೊಂಡಿದ್ದಾರೆ. ಅದು ನನಗೆ ಗೊತ್ತಾಗಬಾರದು ಅಂತ ಒಳಗೆ ಹೋಗಿ ಕೂತಿದ್ದಾರೆ ಪುಣ್ಯಾತ್ಮ! ಒಂದು ಮಾತು ಕೇಳಬಾರದಿತ್ತಾ? ಮೂವತ್ತಾರು ವರ್ಷ ಸಂಸಾರ ಮಾಡಿದ್ದೀನಿ, ಒಂದು ಮಾತು!"

ಗಡಿಯಾರ ನಾಲ್ಕೂ ಹತ್ತು.

"ಯೋಚನೆ ಮಾಡಿ," ಎಂದರು ಭೂತಗನ್ನಡಿ. "ಇದನ್ನ ಐದಕ್ಕೆ ಮಂಡಳಿ ಮುಂದೆ ಹೇಳಿದರೆ ಅವರು ಹೊರಗೆ ಬರ್ತಾರೆ. ನೀವು ಒಳಗೆ ಹೋಗಬೇಕಾಗಬಹುದು. ನಾನು ತಡೆಯೋಕಾಗಲ್ಲ."

"ಯೋಚನೆ ಏನು ಮಾಡೋದು? ಆ ಬೆರಳಿಟ್ಕೊಂಡು ಅಲ್ಲಿ ಒಬ್ಬರೇ ಅನ್ನ ಹೇಗೆ ಕಲಸಿಕೊಳ್ತಿದ್ದಾರೋ." ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾನು ಮಾಡಿದ್ದೇ ಆದರೆ ನಾನೇ ಅನುಭವಿಸ್ತೀನಿ. ಇವನನ್ನೂ ಎಳ್ಕೊಂಡು ಬನ್ನಿ, ಬಾಯಿಬಿಟ್ಟು ಹೇಳಲಿ. ಟ್ಯಾಂಕ್ ಬಿಚ್ಚಿಸಿ. ನಡೀರಿ."

ಕಾರ್ಯದರ್ಶಿ ಕೋಟು ತೆಗೆದುಕೊಂಡ. ಮೂವರೂ ಮೆಟ್ಟಿಲವರೆಗೆ ಬಂದರು. ಅಲ್ಲಿ ಟೈಲರಮ್ಮ ಗಕ್ಕನೆ ನಿಂತಳು. ಬಲಗೈ ಗಾಳಿಯಲ್ಲಿ ಏನನ್ನೋ ಬಗ್ಗಿಸಿ ಸುರಿಯುವಂತೆ ವಾಲಿತ್ತು.

"ಬೇಗ ಇಳೀತು," ಎಂದಳು.

"ಏನು?"

"ಎಣ್ಣೆ. ಅವತ್ತು ಬೇಗ ಇಳೀತು ಸಾರ್. ಹರಳೆಣ್ಣೆ ಪಾಕದ ಹಾಗೆ, ಬೆಳಗಿನ ಚಳಿಗೆ ಆಲಿಕೆಯಲ್ಲಿ ಇಳಿಯೋದೇ ಇಲ್ಲ. ಡಬ್ಬ ಬೋರಲು ಹಾಕಿ, ಪಕ್ಕದಲ್ಲಿ ಕೂತು ಒಂದು ಪ್ಯಾಂಟಿನ ಅಂಚು ಹೊಲಿದು ಮುಗಿಸ್ತಿದ್ದೆ ನಾನು. ಅವತ್ತು ಸೂಜಿಗೆ ದಾರ ಪೋಣಿಸೋದರೊಳಗೆ ಡಬ್ಬ ಖಾಲಿ. ಸದ್ಯ, ಬೇಗ ಆಯ್ತು ಅಂದ್ಕೊಂಡೆ. ಜೀರುಂಡೇಲಿ ತಮ್ಮನ ಮೊದಲ ಹಾರಾಟ, ಆ ಗಡಿಬಿಡೀಲಿ ಯೋಚನೇನೇ ಮಾಡಲಿಲ್ಲ."

"ಡಬ್ಬದ ಮೇಲೆ ಏನು ಬರೆದಿತ್ತು?"

"ಹರಳೆಣ್ಣೆ ಅಂತಾನೇ. ಕಣ್ಣಾರೆ ಓದಿದ್ದೀನಿ. ಹೊಸ ಡಬ್ಬ, ಸೀಲು ನಾನೇ ಒಡೆದದ್ದು."

ಅಂದರೆ ಕೈ ತಪ್ಪಿದ್ದು ಈಕೆಯದಲ್ಲ. ಭೂತಗನ್ನಡಿಯ ಎದೆಯ ಮೇಲಿನ ಕಲ್ಲೊಂದು ಸರಿದಂತಾಯಿತು. ಅದು ಸರಿದ ಜಾಗದಲ್ಲಿ ಇನ್ನೊಂದು ಬಂದು ಕೂತಿತು. ಯಾರೋ ಬೇಕೆಂದೇ ತುಂಬಿ, ಸೀಲು ಹಾಕಿ, ಹೆಸರು ಅಂಟಿಸಿದ ಡಬ್ಬ ಅದು.

"ಆ ಡಬ್ಬ ನಿಮ್ಮ ಕೈಗೆ ಕೊಟ್ಟವರು ಯಾರಮ್ಮ?"

ಟೈಲರಮ್ಮ ಮೆಟ್ಟಿಲ ಮೇಲೆ ಕೂತಳು.

"ನನ್ನ ತಮ್ಮ," ಎಂದಳು. "ವಿಮಾನ ಹತ್ತೋಕೆ ಹತ್ತು ನಿಮಿಷ ಮುಂಚೆ. ನಾನು ಹಳೇ ಡಬ್ಬಕ್ಕೆ ಕೈ ಹಾಕಿದ್ದೆ. ಅವನೇ ಬಂದು ಕಿತ್ತುಕೊಂಡ. ಅಕ್ಕಾ, ಅದು ಬೇಡ, ಇದನ್ನೇ ಹಾಕು ಅಂದ."